ನಿಮ್ಮ ಚಟಕ್ಕೆ ಫಿಟ್ಸ್ ಬರೋ ಮಗೂನ ಅಡ್ಡ ಹಿಡೀಬೇಡಿ

1/3
ಹೆಬ್ಬಾಳದ ಕಡೆ ಕೂತು ಸೇದೋ ನಮ್ಮ ಹುಡುಗರ ಡೈಲಾಗ್ ಒಂದೇ: "ಮಗಾ, ಇದು ಮೆಡಿಸಿನ್ ಕಣೋ. ಅಮೆರಿಕಾದಲ್ಲಿ ಮಕ್ಕಳ ಫಿಟ್ಸ್‌ಗೇ ಕೊಡ್ತಾರೆ." ಕೊಡ್ತಾರೆ, ನಿಜ. ಆದ್ರೆ ನಿನ್ನ ಕೈಲಿರೋದನ್ನಲ್ಲ.

ಅಲ್ಲಿನ ಎಫ್‌ಡಿಎ 2018ರಲ್ಲಿ ಒಪ್ಪಿದ್ದು ಎಪಿಡಿಯೊಲೆಕ್ಸ್ ಅನ್ನೋ ಬಾಯಿಗೆ ಹಾಕೋ ಔಷಧಿಯನ್ನ. ಗಿಡದಿಂದ ಸಿಬಿಡಿ ಅನ್ನೋ ಒಂದೇ ಅಂಶ ಬೇರ್ಪಡಿಸಿ ಮಾಡಿದ್ದು. ಕಿಕ್ ಕೊಡೋ ಟಿಎಚ್‌ಸಿ ಅದರಲ್ಲಿ ಇಲ್ಲ ಅನ್ನೋಷ್ಟು ಕಡಿಮೆ. ಅದೂ ಎಲ್ಲಾ ಫಿಟ್ಸ್‌ಗಲ್ಲ. ಡ್ರವೆ, ಲೆನಾಕ್ಸ್-ಗ್ಯಾಸ್ಟೋ ಥರದ, ಮಾತ್ರೆಗೆ ಬಗ್ಗದ ಅಪರೂಪದ ಕಾಯಿಲೆಗಳಿಗೆ.

2/3
ಬಿಕಾಂ ಅಲ್ವಾ, ಲೆಕ್ಕಾನೇ ನೋಡೋಣ. ಡ್ರವೆ ಇರೋ 120 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಸಿಬಿಡಿ ಕೊಟ್ಟ ಗುಂಪಲ್ಲಿ ತಿಂಗಳಿಗೆ 12.4 ಇದ್ದ ಫಿಟ್ಸ್ 5.9ಕ್ಕೆ ಇಳೀತು (ಮೀಡಿಯನ್, ಸ್ಟ್ಯಾಟ್ಸ್ ಕ್ಲಾಸಲ್ಲಿ ಮಲಗಿದ್ದೋರು ಗಮನಿಸಿ). ಹುಸಿ ಔಷಧಿ ಕೊಟ್ಟವರಲ್ಲಿ 14.9 ಇದ್ದದ್ದು 14.1. ಪೂರ್ತಿ ನಿಂತದ್ದು ನೂರಕ್ಕೆ ಐದು ಮಕ್ಕಳಿಗೆ. ಪವಾಡ ಅಲ್ಲ. ಆದ್ರೆ ಆ ಅಮ್ಮನಿಗೆ ತಿಂಗಳಿಗೆ ನಾಕೈದು ರಾತ್ರಿ ನಿದ್ದೆ ಜಾಸ್ತಿ.

ಆ ಪರೀಕ್ಷೆಲಿ ಡೋಸು ದಿನಕ್ಕೆ, ಕೇಜಿ ತೂಕಕ್ಕೆ 20 ಮಿಲಿಗ್ರಾಂ. 20 ಕೇಜಿ ಮಗುಗೆ ದಿನಕ್ಕೆ 400. ಆನ್‌ಲೈನಲ್ಲಿ ತರಿಸೋ ಸಿಬಿಡಿ ಎಣ್ಣೆ ಬಾಟಲಿ ಮೇಲೆ 1000 ಅಂತಿದ್ರೆ ಎರಡೂವರೆ ದಿನಕ್ಕೆ ಖಾಲಿ. ಅದೂ ಲೇಬಲ್ ನಿಜ ಹೇಳ್ತಿದ್ರೆ.

ಈ ಮಕ್ಕಳಲ್ಲಿ ಎಷ್ಟೋ ಜನ ಮೊದಲೇ ವಾಲ್‌ಪ್ರೊಯೇಟ್, ಕ್ಲೊಬಜಾಮ್ ತಗೋತಿರ್ತಾರೆ. ಸಿಬಿಡಿ ಜೊತೆ ಸೇರಿದ್ರೆ ಒಂದರಿಂದ ಲಿವರ್‌ಗೆ ಏಟು, ಇನ್ನೊಂದರಿಂದ ವಿಪರೀತ ಮಂಪರು ಬರಬಹುದು. ಅದಕ್ಕೇ ರಕ್ತ ಪರೀಕ್ಷೆ ಮಾಡಿಸ್ತಾ ಕೊಡೋದು. ನಿಮ್ಮ "ನ್ಯಾಚುರಲ್ ಕ್ಯೂರ್" ರೀಲ್ ನೋಡಿ ಯಾರಾದ್ರೂ ಇದ್ದ ಮಾತ್ರೆ ದಿಢೀರ್ ಬಿಟ್ರೆ, ಫಿಟ್ಸ್ ನಿಲ್ಲದೇ ಜೀವಕ್ಕೇ ಬರುತ್ತೆ. ಡಿಲೀಟ್ ಮಾಡ್ರಪ್ಪಾ.

3/3
"ಗಾಂಜಾನಾ? ಥೂ" ಅನ್ನೋರಿಗೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಸೆಕ್ಷನ್ನೇ ವೈದ್ಯಕೀಯ ಬಳಕೆಗೆ ಜಾಗ ಬಿಟ್ಟಿದೆ. 2020ರ ಡಿಸೆಂಬರಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನ ಅತಿ ಕಠಿಣ ಪಟ್ಟಿಯಿಂದ ತೆಗೆದದ್ದು 27-25 ವೋಟಲ್ಲಿ. ಭಾರತ ಆ 27ರಲ್ಲಿತ್ತು! ಅಲ್ಲಿ ಕೈ ಎತ್ತಿ ಇಲ್ಲಿ ಮುಖ ತಿರುಗಿಸಿದ್ರೆ ಹೇಗೆ?

ಎಪಿಡಿಯೊಲೆಕ್ಸ್ ಅಮೆರಿಕಾದಲ್ಲಿ ಮಾರಾಟಕ್ಕೆ ಬಂದಾಗ ವರ್ಷಕ್ಕೆ ಸುಮಾರು 32,500 ಡಾಲರ್. ಯಲಹಂಕದಿಂದ ಬೆಳಗ್ಗೇನೇ ಬಸ್ ಹತ್ತಿ, ಮಗೂನ ಮಡಿಲಲ್ಲಿ ಮಲಗಿಸ್ಕೊಂಡು ನಿಮ್ಹಾನ್ಸ್‌ಗೆ ಹೋಗೋ ಅಮ್ಮನಿಗೆ ಈ ನಂಬರ್ ಹೇಳೋಕಾಗುತ್ತಾ? ಅಳತೆ ಇರೋ, ಟೆಸ್ಟ್ ಆದ ಸಿಬಿಡಿ, ಡಾಕ್ಟರ್ ಚೀಟಿ ತೋರಿಸಿದ್ರೆ ಸರ್ಕಾರಿ ಆಸ್ಪತ್ರೆ ಔಷಧಿ ಕೌಂಟರಲ್ಲೇ ಸಿಗಬೇಕು. ಸ್ಟೋರಿ ಹಾಕೋದಾದ್ರೆ ಇದನ್ನ ಹಾಕಿ.