ಬುದ್ಧಿಯ ಕಡ ಯಾರ ಲೆಕ್ಕಕ್ಕೆ?

ದೇಶಗಳು ಒಂದಕ್ಕೊಂದು ಸಾಲ ಕೊಡುತ್ತವೆ ಎಂಬುದು ನಮ್ಮ ಓದುಗರಿಗೆ ಗೊತ್ತಿದ್ದ ಮಾತೇ. ಆದರೆ ಹಣವನ್ನಲ್ಲದೆ ಹಣದ ವಿಷಯ ಬಲ್ಲ ಮನುಷ್ಯರನ್ನೂ ದೇಶಗಳು ಕಡ ಕೊಡುತ್ತವೆ ಎಂಬುದು ಅಷ್ಟಾಗಿ ಬೆಳಕಿಗೆ ಬಾರದ ಸಂಗತಿ. ಒಂದು ದೇಶದ ಕೇಂದ್ರ ಬ್ಯಾಂಕು, ಅಂದರೆ ನಮ್ಮಲ್ಲಿಯ ರಿಸರ್ವ್ ಬ್ಯಾಂಕಿನಂಥದು, ತನ್ನ ನುರಿತ ಅಧಿಕಾರಿಯನ್ನು ಇನ್ನೊಂದು ದೇಶದ ಕೇಂದ್ರ ಬ್ಯಾಂಕಿಗೆ ಕಳಿಸುತ್ತದೆ. ಅವನು ಅಲ್ಲಿ ಕೆಲವು ಕಾಲ ಇದ್ದು, ಕಾನೂನಿನ ಕರಡು ಬರೆಯಲು, ಲೆಕ್ಕದ ಪದ್ಧತಿ ಕಟ್ಟಲು, ಬ್ಯಾಂಕುಗಳ ತಪಾಸಣೆ ಕಲಿಸಲು ನೆರವಾಗಿ ತನ್ನ ದೇಶಕ್ಕೆ ಮರಳುತ್ತಾನೆ. ದೊಡ್ಡವರ ಭಾಷೆಯಲ್ಲಿ ಇದಕ್ಕೆ ತಾಂತ್ರಿಕ ನೆರವು ಎಂದು ಹೆಸರು.

ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೂ, ಸಂತೆಯಲ್ಲಿ ಬೇಳೆ ಬೆಲ್ಲ ಮಾರುವ ಕಿರಾಣಿಯವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಆಗಬೇಕಾದ್ದು ಬಹಳ ಇದೆ ಎಂಬುದೇ ನಮ್ಮ ವಾದ. ನೋಟು ಅಚ್ಚು ಹಾಕಿಸುವುದು, ಸರಕಾರದ ಹಣ ನೋಡಿಕೊಳ್ಳುವುದು, ಉಳಿದ ಬ್ಯಾಂಕುಗಳ ಮೇಲೆ ಕಣ್ಣಿಡುವುದು, ಪರದೇಶದ ನಾಣ್ಯ ಕೂಡಿಡುವುದು ಇವೇ ಕೇಂದ್ರ ಬ್ಯಾಂಕಿನ ಕೆಲಸ. ಇದರಲ್ಲಿ ಎಡವಟ್ಟಾದರೆ ಮೊದಲು ಕರಗುವುದು ವಾರದ ಪಗಾರದ ಬೆಲೆ. ಶ್ರೀಮಂತನಿಗೆ ಬಂಗಾರ ಇದೆ, ಭೂಮಿ ಇದೆ. ಕೂಲಿಕಾರನಿಗೆ ಇರುವುದು ಕೈಯೊಳಗಿನ ನೋಟು ಒಂದೇ.

ನಾಣ್ಯದ ಪದ್ಧತಿ ಬದಲಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಗದವರಿಗೆ ಪುಸ್ತಕದಿಂದ ಹೇಳಬೇಕಾಗಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳು ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲಕ್ಕೆ ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ತುಂಗಭದ್ರೆಯ ಆಚೆ ದಡ ದಾಟಿ ಬಳ್ಳಾರಿ ಜಿಲ್ಲೆಗೆ ಹೋದರೆ ಕಲ್ದಾರ್ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ಅಂದರೆ ಒಂದು ಹಾಲಿ ರೂಪಾಯಿಗೆ ಹದಿಮೂರು ಆಣೆ ಎಂಟು ಪೈ, ಮೇಲೆ ಒಂದು ಚೂರು. ಯಾವ ನಾಣ್ಯದಲ್ಲೂ ಕೊಡಲಾಗದ ಆ ಚೂರು ಲೆಕ್ಕ ಬಲ್ಲವನ ಗಲ್ಲೆಗೆ ಬೀಳುವುದು ಸಹಜ, ಲೆಕ್ಕ ಬಾರದವನ ಕೈಯಿಂದ ಜಾರುವುದೂ ಸಹಜ. ೧೯೪೧ರ ಕಾನೂನಿನ ಮೇಲೆ ಹುಟ್ಟಿ ೧೯೪೨ರಲ್ಲಿ ವ್ಯವಹಾರ ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ಈ ಸಿಕ್ಕಾದ ಜವಾಬ್ದಾರಿ ಹೊತ್ತಿತ್ತು. ೧೯೪೮ರಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. ಮುಂದೆ ಹಾಲಿ ಸಿಕ್ಕಾ ಮರೆಯಾಯಿತು. ೧೯೫೬ರಲ್ಲಿ ರಿಸರ್ವ್ ಬ್ಯಾಂಕು ಆ ಬ್ಯಾಂಕನ್ನು ವಹಿಸಿಕೊಂಡಿತು. ೧೯೫೭ರ ಏಪ್ರಿಲ್ ೧ಕ್ಕೆ ಆಣೆ ಪೈಗಳ ಲೆಕ್ಕವೇ ಹೋಗಿ ನಯೇ ಪೈಸೆ ಬಂತು. ಹತ್ತು ವರ್ಷದೊಳಗೆ ಎರಡು ಸಲ ಲೆಕ್ಕ ಬದಲಾಯಿತು. ಇಂಥ ಕಾಲದಲ್ಲಿ ಗೊತ್ತಿದ್ದವನೊಬ್ಬ ಪಕ್ಕದಲ್ಲಿ ಕುಳಿತು ತಿಳಿಸಿ ಹೇಳುವುದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಸಂತೆಯ ವ್ಯಾಪಾರಿ ಬಲ್ಲ. ಹೊಸದಾಗಿ ಸ್ವತಂತ್ರವಾದ ದೇಶಕ್ಕೂ ಅದೇ ಪಾಡು, ಅದರ ಸಂತೆ ಮಾತ್ರ ದೊಡ್ಡದು.

ನಮ್ಮ ರಿಸರ್ವ್ ಬ್ಯಾಂಕು ೧೯೩೫ರಲ್ಲಿ ಆರಂಭವಾದಾಗ ಅದರ ಮೊದಲ ಗವರ್ನರ್ ಸರ್ ಆಸ್ಬೋರ್ನ್ ಸ್ಮಿತ್. ಆತ ಆಸ್ಟ್ರೇಲಿಯದ ಬ್ಯಾಂಕುಗಳಲ್ಲಿ ಪಳಗಿ ಬಂದವರು. ಆ ಕುರ್ಚಿಯಲ್ಲಿ ಭಾರತೀಯರೊಬ್ಬರು, ಚಿಂತಾಮಣ ದೇಶಮುಖರು, ಕುಳಿತುಕೊಳ್ಳಲು ೧೯೪೩ರ ತನಕ ಕಾಯಬೇಕಾಯಿತು. ಬಳಿಕ ನಮ್ಮ ಕರಾವಳಿಯ ಮನೆತನದ ಬೆನಗಲ್ ರಾಮರಾಯರು ೧೯೪೯ರಿಂದ ೧೯೫೭ರ ತನಕ ಅದೇ ಕುರ್ಚಿಯಲ್ಲಿದ್ದರು. ಪರರಿಂದ ಕಲಿತ ಬ್ಯಾಂಕು ಬೇಗನೆ ಪರರಿಗೆ ಆಸರೆಯೂ ಆಯಿತು. ದೇಶ ಇಬ್ಭಾಗವಾದಾಗ, ಮನಸ್ಸುಗಳು ಕುದಿಯುತ್ತಿದ್ದ ಆ ದಿನಗಳಲ್ಲಿ, ೧೯೪೮ರ ಜೂನ್ ೩೦ರ ತನಕ ಪಾಕಿಸ್ತಾನದ ಕೇಂದ್ರ ಬ್ಯಾಂಕಿನ ಕೆಲಸವನ್ನೂ ಇದೇ ರಿಸರ್ವ್ ಬ್ಯಾಂಕು ಮಾಡಿತು. ಮರುದಿನ, ಜುಲೈ ೧ಕ್ಕೆ, ಪಾಕಿಸ್ತಾನದ ಸ್ವಂತ ಬ್ಯಾಂಕು ಬಾಗಿಲು ತೆರೆಯಿತು.

ಸಿಂಹಳದ ಕಥೆಯನ್ನು ನೋಡೋಣ. ಅಲ್ಲಿ ಕೇಂದ್ರ ಬ್ಯಾಂಕು ಕಟ್ಟಲು ಅಮೆರಿಕದ ಫೆಡರಲ್ ರಿಸರ್ವಿನಿಂದ ಜಾನ್ ಎಕ್ಸ್‌ಟರ್ ಎಂಬವರನ್ನು ಕರೆಸಿದರು. ೧೯೪೯ರಲ್ಲಿ ಅವರು ವರದಿ ಕೊಟ್ಟರು, ೧೯೫೦ರ ಆಗಸ್ಟಿನಲ್ಲಿ ಬ್ಯಾಂಕು ತೆರೆಯಿತು, ಅವರೇ ಅದರ ಮೊದಲ ಗವರ್ನರ್ ಆದರು. ೧೯೫೩ರಲ್ಲಿ ಕುರ್ಚಿ ಬಿಟ್ಟುಕೊಟ್ಟರು. ಅದರಲ್ಲಿ ಸಿಂಹಳದವರೇ ಆದ ಜಯವರ್ಧನ ಕುಳಿತರು. ಬಂದವನು ಕಲಿಸಿ ಹೊರಟುಹೋಗುವುದು ಎಂದರೆ ಇದು.

ಆಫ್ರಿಕದ ಕಥೆ ಇಷ್ಟು ನೇರವಾಗಿಲ್ಲ. ಗೋಲ್ಡ್ ಕೋಸ್ಟ್ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, ಹಿಂದೆ ನಮ್ಮ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸರ್ ಸೆಸಿಲ್ ಟ್ರೆವರ್ ಅವರನ್ನು ಅಲ್ಲಿಯ ಬ್ಯಾಂಕು ವ್ಯವಸ್ಥೆ ಪರಿಶೀಲಿಸಲು ಕಳಿಸಿದರು. ಅವರ ವರದಿಯ ಬಳಿಕ ೧೯೫೩ರಲ್ಲಿ ಅಲ್ಲೊಂದು ಸರಕಾರಿ ಬ್ಯಾಂಕು ಬಂತು. ಪೂರ್ಣ ಪ್ರಮಾಣದ ಕೇಂದ್ರ ಬ್ಯಾಂಕು ಬಂದುದು ಆ ನಾಡು ಘಾನಾ ಎಂಬ ಹೆಸರಿನಲ್ಲಿ ಸ್ವತಂತ್ರವಾದ ೧೯೫೭ರಲ್ಲಿ. ನೈಜೀರಿಯದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಫಿಶರ್ ಎಂಬ ತಜ್ಞರು ಐವತ್ತರ ದಶಕದ ಆರಂಭದಲ್ಲಿ, ಕೇಂದ್ರ ಬ್ಯಾಂಕಿಗೆ ಕಾಲ ಇನ್ನೂ ಕೂಡಿ ಬಂದಿಲ್ಲ ಎಂದು ಬರೆದರು. ಸ್ವಾತಂತ್ರ್ಯದ ಕೂಗು ಬಲಿಯುತ್ತ ಹೋಯಿತು. ೧೯೫೭ರಲ್ಲಿ ಅದೇ ಬ್ಯಾಂಕಿನ ಲೋಯ್ನ್ಸ್ ಎಂಬ ಇನ್ನೊಬ್ಬ ತಜ್ಞರು ಬಂದು ದಾರಿ ತೋರಿಸಿದರು. ೧೯೫೯ರ ಜುಲೈ ೧ಕ್ಕೆ ನೈಜೀರಿಯದ ಕೇಂದ್ರ ಬ್ಯಾಂಕು ವ್ಯವಹಾರ ಆರಂಭಿಸಿತು. ಐದಾರು ವರ್ಷದೊಳಗೆ ಲೆಕ್ಕಶಾಸ್ತ್ರ ಬದಲಾಗಿರಲಿಲ್ಲ. ಬದಲಾದದ್ದು ಜನರ ಬಲ. ತಜ್ಞನ ಮಾತು ದೇವವಾಕ್ಯವಲ್ಲ, ಅದು ಅವನನ್ನು ಕಳಿಸಿದವರ ಕಣ್ಣಿಗೆ ಕಂಡ ಮಾತೂ ಆಗಿರುತ್ತದೆ ಎಂಬ ಪಾಠ ಇಲ್ಲಿದೆ.

ಆಫ್ರಿಕ ಏಷ್ಯಗಳಲ್ಲಿ ಸ್ವತಂತ್ರ ದೇಶಗಳ ಸಂಖ್ಯೆ ಬೆಳೆದಂತೆ ಈ ಕೆಲಸ ಒಬ್ಬಿಬ್ಬರ ಪ್ರವಾಸದಿಂದ ಮುಗಿಯದಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯು ೧೯೬೪ರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಶಾಖೆ ತೆರೆಯಿತು. ಆದರೆ ಹೋಗಿ ಕೆಲಸ ಮಾಡುವ ಮಂದಿ ನಿಧಿಯ ಬಳಿ ಸಾಕಷ್ಟು ಇರಲಿಲ್ಲ. ಸದಸ್ಯ ದೇಶಗಳ ಕೇಂದ್ರ ಬ್ಯಾಂಕುಗಳೇ ತಮ್ಮ ಅಧಿಕಾರಿಗಳನ್ನು ಬಿಟ್ಟುಕೊಟ್ಟವು. ಹಳೆಯ ಬ್ಯಾಂಕುಗಳ ಸಹಕಾರವಿಲ್ಲದಿದ್ದರೆ ಆ ಶಾಖೆ ಬರಿಯ ಬೋರ್ಡು ಆಗಿ ಉಳಿಯುತ್ತಿತ್ತು. ಈಗ ಆ ಕೆಲಸದ ಒಂದು ಭಾಗ ನಮ್ಮ ಅಂಗಳಕ್ಕೇ ಬಂದಿದೆ. ೨೦೧೭ರಲ್ಲಿ ಹಣಕಾಸು ನಿಧಿಯ ದಕ್ಷಿಣ ಏಷ್ಯದ ತರಬೇತಿ ಕೇಂದ್ರ ದಿಲ್ಲಿಯಲ್ಲಿ ತೆರೆಯಿತು. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ದೀವ್ಸ್ ಈ ಆರು ದೇಶಗಳ ಅಧಿಕಾರಿಗಳಿಗೆ ಅಲ್ಲಿ ಪಾಠ ನಡೆಯುತ್ತದೆ.

ಇದೆಲ್ಲ ಸಾಮ್ರಾಜ್ಯಶಾಹಿಯ ಹೊಸ ಹಗ್ಗ, ಇದರ ಗೊಡವೆಯೇ ಬೇಡ ಎಂದು ನಮ್ಮ ಸಂಗಾತಿಗಳಲ್ಲಿ ಕೆಲವರು ವಾದಿಸುತ್ತಾರೆ. ಅವರ ಸಂಶಯಕ್ಕೆ ಆಧಾರವಿಲ್ಲ ಎಂದು ನಾವು ಹೇಳುವುದಿಲ್ಲ. ೧೯೯೧ರಲ್ಲಿ ಪರದೇಶದ ನಾಣ್ಯ ಬರಿದಾದಾಗ ನಮ್ಮ ದೇಶ ಬಂಗಾರವನ್ನು ವಿಮಾನಗಳಲ್ಲಿ ಹೊರಗೆ ಸಾಗಿಸಿ ಅಡವಿಟ್ಟದ್ದನ್ನೂ, ನಿಧಿಯ ಸಾಲದ ಜೊತೆ ಷರತ್ತುಗಳು ಬಂದುದನ್ನೂ ಯಾರೂ ಮರೆತಿಲ್ಲ. ಸಾಲ ಕೊಡುವವನೇ ಸಲಹೆಗಾರನನ್ನೂ ಕಳಿಸಿದರೆ, ಆ ಸಲಹೆ ಸಾಲಗಾರನ ಹಿತಕ್ಕೋ ಸಾಹುಕಾರನ ಹಿತಕ್ಕೋ ಎಂದು ಕೇಳುವುದು ನ್ಯಾಯವೇ ಸರಿ. ಆದರೆ ಇದರಿಂದ ಬರಬೇಕಾದ ತೀರ್ಮಾನ ಬೇರೆ. ಬಡ ದೇಶ ಬಡ ದೇಶಕ್ಕೆ ಕಲಿಸದೆ ಹೋದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಸಾಹುಕಾರನ ಗುಮಾಸ್ತನೇ ಬಂದು ಕುಳಿತುಕೊಳ್ಳುತ್ತಾನೆ. ಆದ್ದರಿಂದ ನಾವು ಹಿಂಜರಿಯಬಾರದು. ಮುಂದೆ ನಿಂತು ಕಳಿಸಬೇಕು, ಕಳಿಸುವ ರೀತಿಯನ್ನು ಮಾತ್ರ ಬದಲಿಸಬೇಕು.

ನೆರೆಯವರ ಮನೆಗೆ ಬೆಂಕಿ ಬಿದ್ದರೆ ನಮಗೇನು ಎನ್ನಲೂ ಆಗುವುದಿಲ್ಲ. ೨೦೨೨ರಲ್ಲಿ ಶ್ರೀಲಂಕೆಯ ಖಜಾನೆ ಬರಿದಾಯಿತು, ಎಣ್ಣೆಗೆ, ಔಷಧಕ್ಕೆ ಜನ ಸಾಲು ನಿಂತರು. ಭಾರತ ಆ ವರ್ಷ ಸಾಲದ ಮೇಲೆ ಅಕ್ಕಿ ಕಳಿಸಿತು. ರಿಸರ್ವ್ ಬ್ಯಾಂಕು ನಲವತ್ತು ಕೋಟಿ ಡಾಲರಿನ ನಾಣ್ಯ ವಿನಿಮಯಕ್ಕೆ ಅವಕಾಶ ಕೊಟ್ಟಿತು. ನೆರೆಯ ದೇಶದ ನಾಣ್ಯ ಕುಸಿದರೆ ಅದು ಅಕ್ಕಿ ಕೊಳ್ಳುವ ಶಕ್ತಿಯೂ ಕುಸಿಯುತ್ತದೆ, ಅಕ್ಕಿಯನ್ನೇ ನಂಬಿದ ನಮ್ಮ ಎಡದಂಡೆ ಕಾಲುವೆಯ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕೆ? ೨೦೨೩ರ ಜುಲೈಯಲ್ಲಿ ಬಿಳಿ ಅಕ್ಕಿಯ ರಫ್ತು ನಿಂತು, ೨೦೨೪ರ ಸೆಪ್ಟೆಂಬರಿನಲ್ಲಿ ತೆರವಾಯಿತು. ದಿಲ್ಲಿಯ ಒಂದು ಆಜ್ಞೆಗೂ ಗಿರಣಿಯ ಬಾಗಿಲಿಗೂ ಸಂಬಂಧ ಉಂಟು ಎಂಬುದು ಆಗ ಎಲ್ಲರಿಗೂ ತಿಳಿಯಿತು. ಬೆಂಕಿ ಬಿದ್ದ ಮೇಲೆ ನೀರು ಕೊಡುವುದಕ್ಕಿಂತ, ಮೊದಲೇ ಮನೆ ಕಟ್ಟುವ ಕೆಲಸದಲ್ಲಿ ಕೈಜೋಡಿಸುವುದು ಅಗ್ಗ.

ಹಾಗಾದರೆ ಕಳಿಸಲು ನಮ್ಮ ಬಳಿ ಏನಿದೆ? ಇಲ್ಲಿಂದ ಬಹಳ ದೂರವಿಲ್ಲದ ಕಣಗಿನಹಾಳದ ಕಡೆ ಬೆರಳು ತೋರಿಸುತ್ತೇವೆ. ಮದರಾಸು ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಯುರೋಪಿನ ರೈತರ ಸಾಲದ ಸಂಘಗಳನ್ನು ನೋಡಿ ಬಂದು ೧೮೯೫ರಿಂದ ೧೮೯೭ರೊಳಗೆ ವರದಿ ಬರೆದರು. ಜರ್ಮನಿಯ ರೈಫೈಸನ್ ಕಟ್ಟಿದ ಹಳ್ಳಿಯ ಸಂಘಗಳೇ ನಮಗೂ ಮಾದರಿ ಎಂಬುದು ಅವರ ಅಭಿಪ್ರಾಯ. ೧೯೦೪ರಲ್ಲಿ ಕಾನೂನು ಬಂತು. ಆದರೆ ಕಾನೂನು ಕಾಗದದ ಮೇಲೆಯೇ ಒಣಗುತ್ತಿತ್ತು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು. ಆ ಕಾನೂನಿನ ಕೆಳಗೆ ದೇಶದ ಮೊದಲ ಕೃಷಿ ಸಹಕಾರಿ ಸಂಘ ಅದು. ಜರ್ಮನಿಯ ಬೀಜ, ಮದರಾಸಿನ ವರದಿ, ಕಣಗಿನಹಾಳದ ಮಣ್ಣು, ಮೂರೂ ಕೂಡಿದಾಗ ಬೆಳೆ ಬಂತು. ರಿಸರ್ವ್ ಬ್ಯಾಂಕು ಹುಟ್ಟಿದಾಗಲೇ ಅದರೊಳಗೆ ಕೃಷಿ ಸಾಲದ ವಿಭಾಗವೊಂದು ಇತ್ತು. ೧೯೫೧ರಲ್ಲಿ ಗೋರವಾಲಾ ಸಮಿತಿಯ ನೇತೃತ್ವದಲ್ಲಿ ಇಡೀ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಕೈಗೊಂಡು, ೧೯೫೪ರಲ್ಲಿ ವರದಿ ಹೊರಬಂತು. ಹಳ್ಳಿಯ ರೈತನಿಗೆ ಸಾಲ ಎಲ್ಲಿಂದ ಬರುತ್ತದೆ, ಯಾವ ಬಡ್ಡಿಗೆ ಬರುತ್ತದೆ ಎಂದು ಮನೆ ಮನೆಗೆ ಹೋಗಿ ಕೇಳಿದ ಈ ಅನುಭವ ಲಂಡನ್ನಿನಲ್ಲಿ ಸಿಗುವುದಲ್ಲ. ಹೊರಗೆ ಕಳಿಸಬೇಕಾದ ನಮ್ಮ ಸರಕು ಇದು.

ಮಣ್ಣಿಲ್ಲದೆ ಗಿಡ ತಂದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ನಮ್ಮ ಓಣಿಗಳಲ್ಲೇ ಇದೆ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ೧೯೭೬ರಲ್ಲಿ ಮುಹಮ್ಮದ್ ಯೂನಸ್ ಬಡವರಿಗೆ ಸಣ್ಣ ಸಾಲ ಕೊಡುವ ಪ್ರಯೋಗ ಆರಂಭಿಸಿದರು. ೧೯೮೩ರಲ್ಲಿ ಅದು ಗ್ರಾಮೀಣ ಬ್ಯಾಂಕು ಆಯಿತು, ಸಾಲ ಪಡೆದ ಹೆಣ್ಣುಮಕ್ಕಳೇ ಅದರ ಪಾಲುದಾರರು. ನಮ್ಮಲ್ಲಿಗೆ ಬರುವಷ್ಟರಲ್ಲಿ ವಾರದ ಕಂತು ಉಳಿಯಿತು, ಪಾಲುದಾರಿಕೆ ಹೋಯಿತು, ಲಾಭದ ಕಂಪನಿಗಳು ಎದ್ದವು. ೨೦೧೦ರಲ್ಲಿ ಆಂಧ್ರದಲ್ಲಿ ಹಾಹಾಕಾರವಾಯಿತು. ರಿಸರ್ವ್ ಬ್ಯಾಂಕು ೨೦೧೧ರಲ್ಲಿ ಈ ಕಂಪನಿಗಳಿಗೆ ನಿಯಮ ಮಾಡಿ ಬಡ್ಡಿಗೆ ಮಿತಿ ಹಾಕಿತು, ೨೦೨೨ರಲ್ಲಿ ಆ ಮಿತಿಯನ್ನು ತೆಗೆಯಿತು. ವಸೂಲಿಯ ಕಿರುಕುಳ ತಾಳಲಾರದ ಕೂಗು ಎದ್ದು, ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಪರದೇಶದ ಪಾಠವನ್ನು ನಾವೇ ಹೀಗೆ ಅರ್ಧ ಕಲಿತರೆ, ನಮ್ಮ ಪಾಠವನ್ನು ಬೇರೆಯವರು ಪೂರ್ತಿ ಕಲಿಯಬೇಕೆಂದು ಹೇಗೆ ಹೇಳುವುದು?

ಆದಕಾರಣ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ.

ಒಂದು: ಹೋದ ತಜ್ಞ ಸಲಹೆಗಾರನಾಗಿರಲಿ, ಯಜಮಾನನಾಗದಿರಲಿ. ಪಕ್ಕದಲ್ಲಿ ಆ ದೇಶದವನೊಬ್ಬ ಮೊದಲ ದಿನದಿಂದಲೇ ಕೂತು ಕಲಿಯುತ್ತಿರಬೇಕು, ತಜ್ಞ ಹೊರಡುವ ದಿನ ಮೊದಲೇ ಗೊತ್ತಾಗಿರಬೇಕು.

ಎರಡು: ತಜ್ಞನ ವರದಿ ಆ ದೇಶದ ಜನರ ಭಾಷೆಯಲ್ಲಿ ಹೊರಬರಬೇಕು. ಪೇಟೆಯಲ್ಲಿ ಗದ್ದಲ ಎಬ್ಬಿಸುವ ಗುಟ್ಟಿನ ಅಂಕಿಗಳಿದ್ದರೆ ಕೆಲವು ಕಾಲ ತಡೆದಿಡಲಿ, ಆದರೆ ಶಾಶ್ವತವಾಗಿ ಕಪಾಟಿನಲ್ಲಿ ಬಚ್ಚಿಡುವುದು ಸಲ್ಲದು.

ಮೂರು: ಶೇರು ಬಜಾರಿನ ಏರಿಳಿತ ಬಲ್ಲವರನ್ನಷ್ಟೇ ಅಲ್ಲ, ಸಹಕಾರಿ ಸಂಘದ ದಫ್ತರು ತಪಾಸಣೆ ಮಾಡಿದವರನ್ನು, ಹಳ್ಳಿಯ ಸಾಲದ ಒಳಗುಟ್ಟು ಕಂಡವರನ್ನು ಕಳಿಸಬೇಕು.

ನಾಲ್ಕು: ಸಲಹೆಯನ್ನು ಸಾಲದ ಷರತ್ತಿಗೆ ಗಂಟು ಹಾಕಬಾರದು. ಸಲಹೆ ಬೇಡವೆಂದರೂ ನೆಂಟಸ್ತಿಕೆ ಕೆಡಬಾರದು.

ಐದು: ಮರಳಿ ಬಂದವನು ಮುಂಬಯಿಯ ಕಚೇರಿಯಲ್ಲಿ ಬಡ್ತಿ ಪಡೆದು ಕೂತರೆ ಸಾಲದು. ಗಂಗಾವತಿ, ಕಾರಟಗಿಗಳಂಥ ಊರುಗಳ ಸಂಘದ ಕಾರ್ಯದರ್ಶಿಗಳಿಗೆ ತಾನು ಕಂಡದ್ದನ್ನು ಕನ್ನಡದಲ್ಲಿ ಹೇಳಿಕೊಡಬೇಕು. ಸಣ್ಣ ಸಾಲದ ಕಂಪನಿಗಳ ಮೇಲೆ ಕಣ್ಣಿಡುವ ಕೆಲಸದಲ್ಲಿ ಆ ಅನುಭವ ಬಳಕೆಯಾಗಬೇಕು.

ಈ ಐದರಲ್ಲಿ ನಾಲ್ಕು ಪರದೇಶದವರಿಗಾಗಿ, ಒಂದು ನಮಗಾಗಿ. ಆ ಒಂದನ್ನು ಕೇಳಿ ಪಡೆಯುವುದು ಹಮಾಲರ ಸಂಘಕ್ಕೂ ವರ್ತಕರ ಸಂಘಕ್ಕೂ ಸಾಧ್ಯವಿದೆ. ಎರಡೂ ಸಂಘಗಳು ಒಂದೇ ಅರ್ಜಿಗೆ ಸಹಿ ಹಾಕಿ ತಮ್ಮ ಲೋಕಸಭಾ ಸದಸ್ಯರ ಕೈಗೆ ಕೊಡಲಿ. ಹೊರದೇಶಕ್ಕೆ ಹೋಗಿ ಬಂದ ರಿಸರ್ವ್ ಬ್ಯಾಂಕಿನ ಅಧಿಕಾರಿಗಳು ಎಷ್ಟು ಮಂದಿ, ಅವರು ಕಲಿತದ್ದು ಯಾವ ಜಿಲ್ಲೆಗೆ ಮುಟ್ಟಿತು ಎಂದು ಸದನದಲ್ಲಿ ಕೇಳಿಸಲಿ. ರೊಕ್ಕ ಕಡ ಕೊಟ್ಟವನು ಲೆಕ್ಕ ಕೇಳುತ್ತಾನೆ. ಬುದ್ಧಿ ಕಡ ಕೊಟ್ಟದ್ದು ಈ ದೇಶದ ದುಡಿಯುವ ಜನರ ಹಣದಿಂದ ಬೆಳೆದ ಬ್ಯಾಂಕು. ಅದರ ಲೆಕ್ಕ ಕೇಳುವ ಹಕ್ಕು ನಮ್ಮದು.