ಎರಡು ಹೆಸರಿನ ನಡುವಿನ ‘ಯಾನೆ’

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೇ ಜಾಗದ ಕಾಗದಪತ್ರ ಬಿಡಿಸಿ ನೋಡಿ. ಎರಡು ಹೆಸರುಗಳ ಮಧ್ಯೆ ಒಂದು ಪುಟ್ಟ ಶಬ್ದ ಕೂತಿರುತ್ತದೆ: ಯಾನೆ. ‘ಐತಪ್ಪ ಯಾನೆ ಬಾಬು’, ‘ಲಕ್ಷ್ಮಿ ಯಾನೆ ಅಪ್ಪಿ’, ಹೀಗೆ. ಪೇಪರಿನ ಶ್ರದ್ಧಾಂಜಲಿಯಲ್ಲೂ ಉಂಟು, ಪೊಲೀಸ್ ಸುದ್ದಿಯಲ್ಲೂ ಉಂಟು. ಅಡ್ಡಹೆಸರು ಬಂತು ಅಂದರೆ ಅದರ ಮುಂದೆ ಯಾನೆ ಬಂತು ಅಂತಲೇ ಲೆಕ್ಕ.

ತುಳು ಮಾತಾಡುವವರ ಕಿವಿಗೆ ಇದು ನಮ್ಮದೇ ಶಬ್ದದ ಹಾಗೆ ಕೇಳುತ್ತದೆ. ತುಳುವಿನಲ್ಲಿ ‘ಯಾನ್’ ಅಂದರೆ ನಾನು, ‘ಯಾನೇ’ ಅಂದರೆ ನಾನೇ. ಐತಪ್ಪನೂ ನಾನೇ, ಬಾಬುವೂ ನಾನೇ! ಕೇಳಲಿಕ್ಕೆ ಚಂದ, ಆದರೆ ಮೂಲ ಅದಲ್ಲ ಮಾರಾಯ್ರೆ. ಇದು ಅರಬಿಯಿಂದ ಹೊರಟ ಶಬ್ದ; ‘ಅದರ ಅರ್ಥ ಏನೆಂದರೆ’ ಅಂತ ಅಲ್ಲಿ ಅರ್ಥ. ಹಿಂದಿಯವರು ಮಾತಿನ ನಡುವೆ ‘ಯಾನಿ’ ಅನ್ನುತ್ತಾರಲ್ಲ, ಅದೇ. ವಕೀಲ, ಜಮೀನು, ದಸ್ತಾವೇಜುಗಳ ಹಾಗೆ ಇದೂ ಹೊರಗಿನಿಂದ ಬಂದು ನಮ್ಮ ಕಾಗದಪತ್ರದಲ್ಲಿ ನೆಲೆನಿಂತದ್ದು.

ಉತ್ತರ ಕರ್ನಾಟಕದಲ್ಲಿ ಇದೇ ಜಾಗದಲ್ಲಿ ‘ಉರುಫ್’ ಬರುತ್ತದೆ. ಅದೂ ಅರಬಿಯದ್ದೇ, ‘ಹೀಗೆ ಪರಿಚಿತ’ ಅಂತ. ‘ಅಲಿಯಾಸ್’ ಲ್ಯಾಟಿನ್‌ನದು, ‘ಬೇರೆ ಸಮಯದಲ್ಲಿ’ ಅಂತ. ನನಗೆ ಇಷ್ಟವಾಗುವುದು ಯಾನೆಯೇ. ಅದು ಎರಡು ಹೆಸರಿನಲ್ಲಿ ಯಾವುದನ್ನೂ ಕೀಳು ಮಾಡುವುದಿಲ್ಲ, ಗಣಿತದ ಸಮಚಿಹ್ನೆಯ ಹಾಗೆ ಮಧ್ಯೆ ನಿಂತುಬಿಡುತ್ತದೆ.

ನಮ್ಮಲ್ಲಿ ಒಬ್ಬರಿಗೆ ಎರಡೆರಡು ಹೆಸರು ಯಾಕೆ ಬೇಕಾಯಿತು? ಹಿಂದೆ ಎಷ್ಟೋ ಮನೆಗಳಲ್ಲಿ ಹುಟ್ಟಿದ ವಾರವೇ ಮಗುವಿನ ಹೆಸರು. ಆದಿತ್ಯವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಬುಧವಾರದವ ಬೂದ, ಗುರುವಾರದವ ಗುರುವ, ಶುಕ್ರವಾರದವ ತುಕ್ರ, ಶನಿವಾರದವ ತನಿಯ. ವಾರ ಇರುವುದು ಏಳೇ. ಒಂದೇ ಊರಲ್ಲಿ ನಾಲ್ಕು ತುಕ್ರಂದಿರಾದರೆ ಮನೆ ಹೆಸರೋ ಕೆಲಸದ ಹೆಸರೋ ಸೇರಲೇಬೇಕು. ಕೆಲವು ಪ್ರೀತಿಯಿಂದ ಅಂಟಿದವು. ಕುಂಟ, ಕುಳ್ಳ ಅಂತ ನೋಯಿಸಲಿಕ್ಕೇ ಅಂಟಿಸಿದವೂ ಉಂಟು. ವಾರದ ಹೆಸರುಗಳನ್ನೇ ತಮಾಷೆಗೆ ಎಳೆದವರಿದ್ದರು. ಹಾಗಾಗಿ ಶಾಲೆ ಮೆಟ್ಟಿಲು ಹತ್ತಿದ ಮಕ್ಕಳು ಹೊಸ ಹೆಸರು ಇಟ್ಟುಕೊಂಡರೆ ಅದರಲ್ಲಿ ತಪ್ಪೇನು?

ಆದರೆ ಜಾಗಕ್ಕೆ ಹೊಸ ಹೆಸರು ಗೊತ್ತಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ನಮ್ಮ ಜಿಲ್ಲೆಯ ಸಾವಿರಾರು ಗೇಣಿದಾರರು ಡಿಕ್ಲರೇಶನ್ ಕೊಟ್ಟು ಜಾಗಕ್ಕೆ ಒಡೆಯರಾದರು. ಅಜ್ಜ ಅರ್ಜಿಯಲ್ಲಿ ಬರೆಸಿದ್ದು ಊರು ಕರೆಯುತ್ತಿದ್ದ ಹೆಸರನ್ನು. ಈಗ ಪಹಣಿಯಲ್ಲಿ ಒಂದು ಹೆಸರು, ಅಪ್ಪನ ಶಾಲಾ ದಾಖಲೆಯ ತಂದೆಯ ಕಾಲಮ್ಮಿನಲ್ಲಿ ಇನ್ನೊಂದು. ಊರಿಗೆಲ್ಲ ಇಬ್ಬರೂ ಒಂದೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಸಾಫ್ಟ್‌ವೇರ್ ಕೆಲಸದವನಾಗಿ ಹೇಳುತ್ತೇನೆ: ಯಂತ್ರ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ ಅಷ್ಟೇ. ಹೆಸರಿಗೆ ಒಂದೇ ಪೆಟ್ಟಿಗೆ ಇಟ್ಟರೆ ಮನುಷ್ಯನ ಅರ್ಧ ಭಾಗ ಹೊರಗೇ ಉಳಿಯುತ್ತದೆ. ಮೊಮ್ಮಕ್ಕಳು ಅಫಿಡವಿಟ್ ಹಿಡಿದು ಅಲೆಯಬೇಕು. ಹಳೇ ಕಾಗದದಲ್ಲಿ ಎಲ್ಲಾದರೂ ಒಂದು ‘ಯಾನೆ’ ಸಿಕ್ಕಿದರೆ ಅದೇ ದೊಡ್ಡ ಆಸರೆ.

ಹಾಗಾಗಿ ಮನೆಯ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ: ಅಜ್ಜನನ್ನು ಯಾರು ಏನಂತ ಕರೆಯುತ್ತಿದ್ದರು, ಅಜ್ಜಿಯ ತವರಿನ ಹೆಸರು ಯಾವುದು? ವಂಶವೃಕ್ಷ ಮಾಡಿಸುವಾಗ ಎರಡನ್ನೂ ಹೇಳಿ, ನಡುವೆ ಯಾನೆ ಹಾಕಿಸಿ. ಎರಡಕ್ಷರದ ಶಬ್ದ, ಅರ್ಧ ಎಕರೆ ಉಳಿಸೀತು.