ಹಕ್ಕಿಯ ಹಾರಾಟ ಬಲ್ಲವರ ಮಕ್ಕಳಿಗೆ ವಿಮಾನದ ಪಾಠವೇಕೆ ಬೇಡ?

2023 ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಜ್ಜಂಪುರ ತಾಲೂಕಿನ ಶಿವನಿಯಂಥ ಊರಿಗೆ ದೂರಪ್ರಯಾಣವೆಂದರೆ ಬೀರೂರು-ಚಿಕ್ಕಜಾಜೂರು ಮಾರ್ಗದ ರೈಲು. ಈಗ ನೆರೆಜಿಲ್ಲೆಗೆ ವಿಮಾನವೂ ಬಂದಿದೆ. ಆದರೆ ಈ ಭಾಗದ ಪ್ರೌಢಶಾಲೆಗಳ ಬಡ ಮಕ್ಕಳಿಗೆ, ಅದರಲ್ಲೂ ಬುಡಕಟ್ಟು ಸಮುದಾಯಗಳ ಮಕ್ಕಳಿಗೆ, ಅದು ಕತ್ತೆತ್ತಿ ನೋಡುವ ವಸ್ತು ಮಾತ್ರವೇ ಅಥವಾ ತರಗತಿಯೊಳಗಿನ ಪಾಠವೂ ಆಗಬಲ್ಲುದೇ?

ಈ ಪ್ರಶ್ನೆಗೆ ಕಾರಣವಿದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಭುಗಿಲೆದ್ದಾಗ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿಕೊಂಡಿದ್ದರು. ಅವರ ಪರವಾಗಿ ಸಿದ್ದರಾಮಯ್ಯ ಮಾಡಿದ ಟ್ವೀಟ್‌ಗೆ ವಿದೇಶಾಂಗ ಸಚಿವ ಎಸ್. ಜೈಶಂಕರ್ ಕಟುವಾಗಿ ಪ್ರತಿಕ್ರಿಯಿಸಿದರು. ಚುನಾವಣೆಯ ಹೊಸ್ತಿಲಲ್ಲಿ ಅದು ದೊಡ್ಡ ಸುದ್ದಿಯಾಯಿತು. 'ಆಪರೇಷನ್ ಕಾವೇರಿ'ಯ ಮೂಲಕ ಅವರು ಮರಳಿದರು, ಸುದ್ದಿಯೂ ತಣ್ಣಗಾಯಿತು. ಚನ್ನಗಿರಿ, ಶಿವಮೊಗ್ಗ, ಹುಣಸೂರು ಕಡೆಯ ಈ ಬಡ ಜನರು ಗಿಡಮೂಲಿಕೆ ಮತ್ತು ಎಣ್ಣೆ ಮಾರಲು ಆಫ್ರಿಕಕ್ಕೆ ಏಕೆ ಹಾರುತ್ತಾರೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಹೆಸರೇ ಸೂಚಿಸುವಂತೆ ಹಕ್ಕಿ ಹಿಡಿಯುವುದು ಅವರ ಕುಲಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬಾಗಿಲನ್ನು ಮುಚ್ಚಿತು. ಕಾಯ್ದೆಯ ಉದ್ದೇಶವನ್ನು ಪ್ರಶ್ನಿಸಬೇಕಿಲ್ಲ. ಆದರೆ ಕಸುಬು ಹೋದಾಗ ಅದರೊಂದಿಗೆ ತಲೆಮಾರುಗಳ ಜ್ಞಾನವೂ ಬೆಲೆ ಕಳೆದುಕೊಂಡಿತಲ್ಲ, ಅದಕ್ಕೆ ಹೊಣೆ ಯಾರು? ಹಕ್ಕಿ ಗಾಳಿಗೆ ಎದುರಾಗಿ ಏಕೆ ಇಳಿಯುತ್ತದೆ, ಯಾವ ಹೊತ್ತಿನಲ್ಲಿ ಎಲ್ಲಿ ಗುಂಪುಗೂಡುತ್ತದೆ ಎಂಬುದು ಹಕ್ಕಿ ಹಿಡಿಯುವವನ ನಿತ್ಯದ ತಿಳಿವಳಿಕೆ. ವಿಮಾನವೂ ಸಾಧ್ಯವಾದಷ್ಟು ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಹಕ್ಕಿ ಡಿಕ್ಕಿಯನ್ನು ತಪ್ಪಿಸುವುದು ಪ್ರತಿ ವಿಮಾನ ನಿಲ್ದಾಣದ ಗಂಭೀರ ಹೊಣೆ. ಹೀಗಿರುವಾಗ ಮನೆಯಲ್ಲಿ ವಾಗ್ರಿ ಮಾತಾಡುವ ಆ ಮಗುವನ್ನು ನಮ್ಮ ಶಾಲೆ ಏನೂ ಅರಿಯದವನೆಂಬಂತೆ ಹಿಂದಿನ ಬೆಂಚಿನಲ್ಲಿ ಕೂರಿಸುವುದು ಎಂಥ ನ್ಯಾಯ?

ಹೊರಜಗತ್ತು ಈ ದಿಕ್ಕಿನಲ್ಲಿ ಯೋಚಿಸಿದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 'ಏವಿಯೇಷನ್ ಹೈ' ಎಂಬ ಸರಕಾರಿ ಪ್ರೌಢಶಾಲೆಯೇ ಇದೆ. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ 'ಯಂಗ್ ಈಗಲ್ಸ್' ಯೋಜನೆಯಡಿ ಸ್ವಯಂಸೇವಕ ಪೈಲಟ್‌ಗಳು 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಉಚಿತವಾಗಿ ಆಕಾಶಕ್ಕೆ ಕರೆದೊಯ್ದಿದ್ದಾರೆ. ನಮ್ಮ ರಾಜ್ಯದಲ್ಲೂ ಕೆಲವು ಸರಕಾರಿ ಶಾಲೆಗಳ ಶಿಕ್ಷಕರು ಮಕ್ಕಳಿಗೆ ವಿಮಾನಯಾನ ಮಾಡಿಸಿದ್ದಾರೆ. ಅದು ಶ್ಲಾಘನೀಯ. ಆದರೆ ಒಂದು ದಿನದ ಪ್ರಯಾಣ ಮತ್ತು ಪತ್ರಿಕೆಯಲ್ಲೊಂದು ಭಾವಚಿತ್ರ, ಇಷ್ಟಕ್ಕೇ ಅದು ಮುಗಿಯಬಾರದು.

ಸೋಗಾನೆಯ ರನ್‌ವೇ 3,200 ಮೀಟರ್ ಉದ್ದವಿದೆ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಲು ಎಷ್ಟು ಹೊತ್ತು ಬೇಕು? ಸುಮಾರು 46 ಸೆಕೆಂಡು. ಪುಸ್ತಕದ ಲೆಕ್ಕ ಕಂಡರೆ ಬೆಚ್ಚುವ ಹುಡುಗಿ ಈ ಲೆಕ್ಕವನ್ನು ಬಿಡಿಸಲು ಮುಂದಾದಾಳು. ಏಕೆಂದರೆ ಆ ರನ್‌ವೇ ಅವಳ ಸೀಮೆಯದು. ಸೆಕೆ ಹೆಚ್ಚಿದಾಗ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುವುದೇಕೆ ಎಂದು ಕೇಳಿದರೆ ಭೌತಶಾಸ್ತ್ರದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ. ಇದಕ್ಕೆ ವಿಮಾನ ಬೇಕಿಲ್ಲ, ಸಿದ್ಧತೆಯುಳ್ಳ ಶಿಕ್ಷಕ ಬೇಕು.

ಹೊಟ್ಟೆಗಿಲ್ಲದವರಿಗೆ ವಿಮಾನದ ಕನಸೇಕೆ ಎಂದು ಕೆಲವರು ಕೇಳಬಹುದು. ಪೈಲಟ್ ತರಬೇತಿಗೆ ಹಲವು ಲಕ್ಷ ರೂಪಾಯಿ ಬೇಕೆಂಬುದು ನಿಜ. ಆದರೆ ಒಡಿಶಾದ ಹಿಂದುಳಿದ ಮಲ್ಕಾನ್‌ಗಿರಿ ಜಿಲ್ಲೆಯ ಆದಿವಾಸಿ ಯುವತಿ ಅನುಪ್ರಿಯಾ ಲಾಕ್ರಾ 2019ರಲ್ಲಿ ಪೈಲಟ್ ಆದರು. ಅವರ ತಂದೆ ಪೊಲೀಸ್ ಹವಾಲ್ದಾರ್. ಇಷ್ಟಕ್ಕೂ ಎಲ್ಲರೂ ಪೈಲಟ್ ಆಗಬೇಕಿಲ್ಲ. ವಿಮಾನದ ದುರಸ್ತಿ, ಹವಾಮಾನ ವೀಕ್ಷಣೆ, ಅಗ್ನಿಶಮನ, ಹಕ್ಕಿ ನಿಯಂತ್ರಣ ಹೀಗೆ ನೂರು ಕೆಲಸಗಳಿವೆ.

ವಾಣಿಜ್ಯ ಪೈಲಟ್ ಪರವಾನಗಿಗೆ 12ನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ಬಹುಕಾಲದ ಶರತ್ತು. ಅದನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಕೇಳಿಬಂದಿತು. ಒಳ್ಳೆಯದೇ. ಆದರೆ ಬಡ ಮಗು ಗಣಿತಕ್ಕೆ ಹೆದರಿ ಹತ್ತನೇ ತರಗತಿಗೇ ಶಾಲೆ ತೊರೆದರೆ ಯಾವ ರಿಯಾಯಿತಿ ಅದನ್ನು ತಲುಪೀತು?

ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರಕಾರದ್ದೇ ವೈಮಾನಿಕ ತರಬೇತಿ ಶಾಲೆಯಿದೆ. ಬುಡಕಟ್ಟು ಮಕ್ಕಳಿಗೆ ಆಶ್ರಮ ಶಾಲೆಗಳಿವೆ. ಸೋಗಾನೆಯಲ್ಲಿ ನಿಲ್ದಾಣವಿದೆ. ಈ ಮೂರನ್ನೂ ಜೋಡಿಸುವ ಒಂದು ಆದೇಶವಷ್ಟೇ ಬೇಕು. ಜಕ್ಕೂರಿನ ತರಬೇತುದಾರರು ವರ್ಷಕ್ಕೆರಡು ಬಾರಿ ಆಶ್ರಮ ಶಾಲೆಗೆ ಬರಲಿ. ಮಕ್ಕಳು ಸೋಗಾನೆಯ ಬೇಲಿಯ ಹೊರಗಲ್ಲ, ಒಳಗೆ ನಿಂತು ಕಲಿಯಲಿ. ಸುಡಾನ್‌ನಿಂದ ಕರೆತರಲು ವಿಮಾನ ಕಳುಹಿಸಿದ್ದು ಸರಕಾರದ ಕರ್ತವ್ಯವಾಗಿತ್ತು. ಅವರ ಮಕ್ಕಳಿಗೆ ಆ ವಿಮಾನದ ವಿದ್ಯೆ ತಲುಪಿಸುವುದು ಕರ್ತವ್ಯವಲ್ಲವೇ?